ಸಿಟಿಯಲ್ಲಿ ಕಾಣದ ರಕ್ತ ಎಂಆರ್‌ಐನಲ್ಲಿ ಕಂಡರೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಮೆದುಳಿಗೆ ಸೋಂಕು ತಗುಲಿದೆ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಅಂದಿದ್ದರು. ಈಗ ಎಂಆರ್‌ಐ ವರದಿಯಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿವೆ ಎಂದು ಬರೆದಿದ್ದಾರೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿಯೇ ಇರಬಹುದು. ಈಗಷ್ಟೇ ಆದ ದೊಡ್ಡ ರಕ್ತಸ್ರಾವ ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಆದರೆ ಕೆಲವೇ ಮಿಲಿಮೀಟರ್ ಅಗಲದ ಚುಕ್ಕೆಗಳು ಅದರ ಕಣ್ಣಿಗೆ ಬೀಳುವುದು ಕಷ್ಟ.

ಎಂಆರ್‌ಐನಲ್ಲಿ ಇದಕ್ಕೆಂದೇ ಒಂದು ವಿಧಾನ ಇದೆ: ಸಸೆಪ್ಟಿಬಿಲಿಟಿ ವೇಟೆಡ್ ಇಮೇಜಿಂಗ್, ಚಿಕ್ಕದಾಗಿ ಎಸ್‌ಡಬ್ಲ್ಯುಐ. ಇದಕ್ಕೆ ಇಂಜೆಕ್ಷನ್ ಬೇಕಿಲ್ಲ, ಕೆಲವು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೆ. ರಕ್ತದಲ್ಲಿ ಕಬ್ಬಿಣ ಇದೆ ಅಲ್ವಾ? ನಾಳದಿಂದ ಸೋರಿದ ರಕ್ತದ ಕಬ್ಬಿಣ ಸುತ್ತಲಿನ ಕಾಂತಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ. ಆ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಚುಕ್ಕೆ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ, ಹಾಗಾಗಿ ಫಿಲಂ ನೋಡಿ ಗಾಬರಿಯಾಗಬೇಡಿ.

ಚುಕ್ಕೆ ಎಲ್ಲಿದೆ ಅನ್ನುವುದು ಬಹಳ ಮುಖ್ಯ, ಯಾವ ಸೋಂಕು ಎಂಬ ಸುಳಿವು ಅದರಿಂದ ಸಿಗುತ್ತದೆ. ಹರ್ಪಿಸ್ ವೈರಸ್ ಹೆಚ್ಚಾಗಿ ಕಿವಿಯ ಪಕ್ಕದ ಟೆಂಪೊರಲ್ ಭಾಗವನ್ನು ಹಿಡಿಯುತ್ತದೆ. ಸೊಳ್ಳೆಯಿಂದ ಹರಡುವ ಮೆದುಳು ಜ್ವರವಾದ ಜಪಾನೀಸ್ ಎನ್‌ಸೆಫಲೈಟಿಸ್‌ನಲ್ಲಿ ಮೆದುಳಿನ ಆಳದ ಥಲಾಮಸ್‌ಗೆ ಪೆಟ್ಟು ಬೀಳುತ್ತದೆ. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ರಕ್ತನಾಳದ ಗೋಡೆಯನ್ನೇ ಕೊರೆದು ಒಳಗೆ ನುಗ್ಗುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಹೃದಯದ ಕವಾಟದ ಸೋಂಕು. ಅಲ್ಲಿಂದ ಕಳಚಿದ ಸೋಂಕಿನ ತುಣುಕು ಮೆದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ, ನಾಳದ ಗೋಡೆ ಸಡಿಲವಾಗಿ ಉಬ್ಬಿ ಒಡೆಯಬಹುದು. ಜ್ವರ ಬಿಡದ ರೋಗಿಯ ಮೆದುಳಿನಲ್ಲಿ ಇಂಥ ಚುಕ್ಕೆಗಳು ಕಂಡರೆ ವೈದ್ಯರು ಹೃದಯದ ಎಕೋ ಮಾಡಿಸುವುದು ಅದಕ್ಕೇ.

ಆದರೆ ಕಪ್ಪು ಕಂಡದ್ದೆಲ್ಲ ರಕ್ತವಲ್ಲ. ಕ್ಯಾಲ್ಸಿಯಂ ಕಟ್ಟಿದ ಜಾಗವೂ ಕಪ್ಪೇ. ಮೆದುಳಿನಲ್ಲಿ ಸೇರಿದ ಲಾಡಿಹುಳದ ಮರಿಯ ಹಳೆಯ ಗಂಟು ಗಟ್ಟಿಯಾದಾಗ ಹೀಗಾಗುತ್ತದೆ. ಕಬ್ಬಿಣವೋ ಕ್ಯಾಲ್ಸಿಯಮೋ ಎಂದು ಬೇರೆ ಮಾಡಲು ರೇಡಿಯಾಲಜಿಸ್ಟ್ ಎಸ್‌ಡಬ್ಲ್ಯುಐ ಜೊತೆಗೇ ಸಿಗುವ ಫೇಸ್ (phase) ಎಂಬ ಇನ್ನೊಂದು ಚಿತ್ರ ನೋಡುತ್ತಾರೆ. ಸಣ್ಣ ಅಭಿಧಮನಿಗಳೂ ಚುಕ್ಕೆಯಂತೆ ಕಾಣಬಹುದು. ಗಾಳಿ ತುಂಬಿದ ಸೈನಸ್ ಮತ್ತು ಕಿವಿಯ ಮೂಳೆಯ ಹತ್ತಿರ ಚಿತ್ರ ಕೆಡುತ್ತದೆ. ಹರ್ಪಿಸ್ ಹಿಡಿಯುವ ಜಾಗವೂ ಅದರ ಪಕ್ಕದಲ್ಲೇ ಇರುವುದರಿಂದ ಅಲ್ಲಿ ತುಂಬ ಎಚ್ಚರ ಬೇಕು.

ಇನ್ನೊಂದು ಮಾತು. ರಕ್ತ ಯಾವಾಗ ಸೋರಿತು ಎಂದು ಚುಕ್ಕೆ ಹೇಳುವುದಿಲ್ಲ. ಕಬ್ಬಿಣದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ತುಂಬ ದಿನದ ರಕ್ತದೊತ್ತಡದಿಂದಲೂ ಇಂಥ ಚುಕ್ಕೆಗಳು ಬರುತ್ತವೆ. ಹಿಂದಿನ ಸ್ಕ್ಯಾನ್ ಇದ್ದರೆ ತಪ್ಪದೆ ತೋರಿಸಿ. ರಕ್ತನಾಳಗಳ ಆಂಜಿಯೋಗ್ರಾಂ ಬೇಕಾ ಎಂದೂ ಕೇಳಿ.

ನಿಮ್ಮ ತಂದೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಇವತ್ತೇ ವೈದ್ಯರಿಗೆ ತಿಳಿಸಿ. ಭಯಪಟ್ಟು ನೀವೇ ಮಾತ್ರೆ ನಿಲ್ಲಿಸಬೇಡಿ. ಕೃತಕ ಕವಾಟ ಇರುವವರಲ್ಲಿ ಹಾಗೆ ನಿಲ್ಲಿಸಿದರೆ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು.