ಟಿವಿ ರೀಚಾರ್ಜ್ ಜಾಸ್ತಿ ಆಗ್ತಿದೆಯಾ? ಮೊದಲು ಪ್ಯಾಕ್ ಬಿಚ್ಚಿ ನೋಡಿ

ನಮ್ಮ ಮಲೆನಾಡಿನ ಕಡೆ ತೋಟದ ನಡುವೆ ಒಂದೊಂದೇ ಮನೆ. ಅಷ್ಟು ದೂರ ಕೇಬಲ್ ಎಳೆಯುವವರು ಯಾರು? ಹಾಗಾಗಿ ಮಾಡಿನ ಮೇಲೋ ಅಂಗಳದ ಕಂಬಕ್ಕೋ ಒಂದು ಡಿಶ್ ಇದ್ದೇ ಇರುತ್ತದೆ. ಅದನ್ನು ಕೂರಿಸುವುದು, ಸಿಗ್ನಲ್ ಹೋದರೆ ಸರಿ ಮಾಡುವುದು, ರೀಚಾರ್ಜ್ ಹಾಕಿಕೊಡುವುದು ನನ್ನ ಕೆಲಸ. ಇತ್ತೀಚೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ತಿಂಗಳಿಗೆ ನಾನೂರು ಹೋಗ್ತಿದೆ ಮಾರಾಯ್ರೇ, ನೋಡೋದು ಮಾತ್ರ ಸಂಜೆ ಎರಡು ಧಾರಾವಾಹಿ."

ಈ ಮನೆಗಳಲ್ಲಿ ನಾನು ಕಂಡ ದೊಡ್ಡ ಕಾರಣ ಒಂದಿದೆ. ಟಿವಿ ನೋಡುವವರು ಊರಲ್ಲಿರುವ ಅಪ್ಪ ಅಮ್ಮ. ದುಡ್ಡು ಹಾಕುವವರು ಬೆಂಗಳೂರಿನಲ್ಲಿರುವ ಮಗ ಅಥವಾ ಮಗಳು. ಪ್ಯಾಕ್ ಆರಿಸಿದ್ದು ಇಬ್ಬರೂ ಅಲ್ಲ, ಕನೆಕ್ಷನ್ ಕೊಟ್ಟ ದಿನ ಬಂದಿದ್ದ ಹುಡುಗ. ಮಗನ ಫೋನಿನಲ್ಲಿ ಆ್ಯಪ್ ಯಾವ ಮೊತ್ತ ತೋರಿಸುತ್ತದೋ ಅದನ್ನೇ ಒತ್ತುತ್ತಾನೆ, ಅಮ್ಮನಿಗೆ ಅದರಲ್ಲಿ ಏನೇನು ಬರುತ್ತದೆ ಅಂತ ಯಾರೂ ಹೇಳಿರುವುದಿಲ್ಲ. ಹೀಗೇ ವರ್ಷಗಟ್ಟಲೆ ನಡೆಯುತ್ತದೆ. ಈ ಮೂರು ತುದಿಗಳನ್ನು ಒಂದು ಸಲ ಕೂಡಿಸಿದರೆ ಸಾಕು, ಬಿಲ್ ಇಳಿಯುತ್ತದೆ.

ಮೊದಲು ಬಿಲ್ ಹೇಗೆ ಆಗುತ್ತದೆ ನೋಡೋಣ. ಅದರಲ್ಲಿ ಇರುವುದು ಮೂರೇ ಭಾಗ. ಒಂದು, ಎನ್‌ಸಿಎಫ್ ಅಂತ ಕರೆಯುವ ಸಂಪರ್ಕದ ಶುಲ್ಕ. ಎರಡು, ದುಡ್ಡು ಕೊಟ್ಟು ನೋಡುವ ಪೇ ಚಾನೆಲ್‌ಗಳ ಬೆಲೆ. ಮೂರು, ಇವೆರಡರ ಮೇಲೆ ಶೇಕಡಾ 18 ಜಿಎಸ್‌ಟಿ. ಟಿವಿ, ಫೋನ್ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್ ತಂದ ಹೊಸ ದರ ವ್ಯವಸ್ಥೆ ಜಾರಿಗೆ ಬಂದದ್ದು 2019ರ ಫೆಬ್ರವರಿಯಲ್ಲಿ. ಆಗ ಎನ್‌ಸಿಎಫ್‌ಗೆ 130 ರೂಪಾಯಿ ಮಿತಿ ಇತ್ತು, ತೆರಿಗೆ ಸೇರಿ 153 ರೂಪಾಯಿ 40 ಪೈಸೆ, ಅದಕ್ಕೆ 100 ಚಾನೆಲ್. 2020ರಲ್ಲಿ ಅದೇ ದುಡ್ಡಿಗೆ 200 ಚಾನೆಲ್ ಆಯಿತು, 200 ದಾಟಿದರೆ ಹೆಚ್ಚೆಂದರೆ 160 ರೂಪಾಯಿ. 2024ರ ಜುಲೈನಲ್ಲಿ ಟ್ರಾಯ್ ಈ ಮಿತಿಯನ್ನೇ ತೆಗೆದುಹಾಕಿತು. ಈಗ ಎನ್‌ಸಿಎಫ್ ಎಷ್ಟು ಅನ್ನುವುದು ಕಂಪನಿಯ ತೀರ್ಮಾನ. ಆದ್ದರಿಂದ ಪಕ್ಕದ ಮನೆಯವರ ಬಿಲ್ ನೋಡಿ ಲೆಕ್ಕ ಹಾಕಬೇಡಿ, ನಿಮ್ಮ ಕಂಪನಿ ನಿಮಗೆ ಎಷ್ಟು ಹಾಕಿದೆ ಅಂತ ನಿಮ್ಮ ಆ್ಯಪ್‌ನಲ್ಲೇ ನೋಡಿ.

ಈ ಎನ್‌ಸಿಎಫ್ ಕಟ್ಟಿದ ಮೇಲೆ ಉಚಿತ ಚಾನೆಲ್‌ಗಳಿಗೆ ಬೇರೆ ದುಡ್ಡಿಲ್ಲ. ಡಿಡಿ ಚಂದನ ಉಚಿತ, ದೂರದರ್ಶನದ ಉಳಿದ ಚಾನೆಲ್‌ಗಳೂ ಉಚಿತ, ಪಬ್ಲಿಕ್ ಟಿವಿಯಂಥ ಸುದ್ದಿ ಚಾನೆಲ್‌ಗಳೂ ಉಚಿತ. ಬರೀ ಸುದ್ದಿ, ಚಂದನದ ಕಾರ್ಯಕ್ರಮ ಅಂತ ನೋಡುವ ಒಬ್ಬ ಮೇಷ್ಟ್ರ ಮನೆಗೆ ಪೇ ಚಾನೆಲ್ ಒಂದೂ ಬೇಕಾಗಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನಿಜವಾಗಿ ಬೇಜಾರಾಗುತ್ತದೆ.

ಇನ್ನು ಪೇ ಚಾನೆಲ್. ದುಡ್ಡು ಸೋರುವ ಜಾಗ ಇದೇ. ಪ್ರತಿ ಚಾನೆಲ್‌ಗೂ ಅದರದ್ದೇ ಬಿಡಿ ಬೆಲೆ ಇದೆ, ಅದನ್ನು ಕಂಪನಿ ತೋರಿಸಲೇಬೇಕು. ಆ್ಯಪ್‌ನಲ್ಲಿ ಇರುತ್ತದೆ, ಬಾಕ್ಸ್‌ನಲ್ಲಿ 999ನೇ ನಂಬರ್ ಒತ್ತಿದರೂ ಗ್ರಾಹಕರ ಮಾಹಿತಿ ಬರುತ್ತದೆ. 2019ರಲ್ಲಿ ವ್ಯವಸ್ಥೆ ಶುರುವಾದಾಗ ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ತಲಾ 19 ರೂಪಾಯಿ, ಉದಯ ಟಿವಿ 17 ಇತ್ತು. ಬೆಲೆ ಆಗಾಗ ಬದಲಾಗುತ್ತದೆ. ಆದರೆ 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ 19 ರೂಪಾಯಿಗಿಂತ ಜಾಸ್ತಿ ಬೆಲೆಯ ಚಾನೆಲನ್ನು ಪ್ಯಾಕ್‌ನೊಳಗೆ ಸೇರಿಸುವಂತಿಲ್ಲ, ಹಾಗಾಗಿ ಬೇಡಿಕೆಯ ಚಾನೆಲ್‌ಗಳು 19ರ ಹತ್ತಿರವೇ ಸುಳಿದಾಡುತ್ತವೆ.

ಒಂದು ಲೆಕ್ಕ ಹಾಕೋಣ. ಅಮ್ಮನಿಗೆ ಬೇಕಾದ್ದು ನಾಲ್ಕು ದೊಡ್ಡ ಕನ್ನಡ ಚಾನೆಲ್, ತಲಾ 19 ಅಂತಲೇ ಇಟ್ಟುಕೊಳ್ಳಿ, 76 ಆಯಿತು. ಎನ್‌ಸಿಎಫ್ ಹಳೆಯ ಮಿತಿಯಂತೆ 130. ಒಟ್ಟು 206. ಶೇಕಡಾ 18 ತೆರಿಗೆ ಸೇರಿಸಿದರೆ 243 ರೂಪಾಯಿ ಚಿಲ್ಲರೆ. ಸುದ್ದಿ, ಚಂದನ, ಭಕ್ತಿ ಚಾನೆಲ್ ಎಲ್ಲಾ ಇದರೊಳಗೇ ಬಂದುಬಿಟ್ಟವು. ನಾನೂರು ಎಲ್ಲಿ, ಇದೆಲ್ಲಿ!

ಹಾಗಂತ ಎಲ್ಲವನ್ನೂ ಬಿಡಿಯಾಗಿ ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದೇ ಚಾನೆಲ್ ಸಮೂಹದಿಂದ, ಅಂದರೆ ಒಂದೇ ಮಾಲೀಕರ ಚಾನೆಲ್ ಗುಂಪಿನಿಂದ ಮೂರು ನಾಲ್ಕು ಚಾನೆಲ್ ನೋಡುವ ಮನೆ ಇರುತ್ತದೆ. ಉದಯ ಟಿವಿ ಬೇಕು, ಉದಯ ಮೂವೀಸ್ ಬೇಕು, ಮೊಮ್ಮಗಳಿಗೆ ಚಿಂಟು ಟಿವಿ ಬೇಕು ಅಂದರೆ ಆ ಸಮೂಹದ ಕನ್ನಡ ಪ್ಯಾಕೇ ಅಗ್ಗ. ಚಾನೆಲ್ ಸಮೂಹಗಳು ತಮ್ಮ ಪ್ಯಾಕ್‌ಗೆ ಬಿಡಿ ಬೆಲೆಗಳ ಮೊತ್ತದ ಮೇಲೆ ಹೆಚ್ಚೆಂದರೆ ಶೇಕಡಾ 45 ರಿಯಾಯಿತಿ ಕೊಡಬಹುದು, ಅಷ್ಟೇ. ಅಂದರೆ ಬಿಡಿಯಾಗಿ 100 ರೂಪಾಯಿ ಆಗುವ ಪ್ಯಾಕ್ 55ಕ್ಕಿಂತ ಕೆಳಗೆ ಬರುವುದಿಲ್ಲ. ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಆ ಪ್ಯಾಕ್‌ನಲ್ಲಿ ನೀವು ನಿಜವಾಗಿ ನೋಡುವ ಚಾನೆಲ್‌ಗಳ ಬಿಡಿ ಬೆಲೆ ಕೂಡಿ, ಪ್ಯಾಕ್ ಬೆಲೆಗಿಂತ ಜಾಸ್ತಿ ಬಂದರೆ ಪ್ಯಾಕ್ ತಗೊಳ್ಳಿ, ಕಡಿಮೆ ಬಂದರೆ ಬಿಡಿ ಚಾನೆಲ್. ಅದರಲ್ಲಿ ಇನ್ನೂ ಹದಿನೈದು ಚಾನೆಲ್ ಬರುತ್ತವೆ ಅನ್ನುವುದು ಲೆಕ್ಕಕ್ಕಿಲ್ಲ. ನೋಡದ ಚಾನೆಲ್‌ನಿಂದ ನಮಗೇನು ಲಾಭ?

ಚಾನೆಲ್ ಸಮೂಹದ ಪ್ಯಾಕ್ ಬೇರೆ, ಡಿಟಿಎಚ್ ಕಂಪನಿ, ಅಂದರೆ ನಿಮಗೆ ಡಿಶ್ ಕನೆಕ್ಷನ್ ಕೊಟ್ಟ ಕಂಪನಿ ತಾನೇ ಕಟ್ಟಿದ ಪ್ಯಾಕ್ ಬೇರೆ. ಆ್ಯಪ್ ತೆರೆದ ಕೂಡಲೇ ದೊಡ್ಡದಾಗಿ ಕಾಣುವುದು ಕಂಪನಿಯ ಪ್ಯಾಕ್. ಅದರಲ್ಲಿ ಹಿಂದಿ, ಇಂಗ್ಲಿಷ್, ತಮಿಳು, ತೆಲುಗು ಎಲ್ಲಾ ಸೇರಿರಬಹುದು. ಕಂಪನಿಯೂ ಇದಕ್ಕೆ ರಿಯಾಯಿತಿ ಕೊಡಬಹುದು, ಆದ್ದರಿಂದ ಕೆಲವು ಸಲ ಸಣ್ಣ ಕನ್ನಡ ಪ್ಯಾಕ್ ನಿಜಕ್ಕೂ ಅಗ್ಗ ಇರುತ್ತದೆ. ಅಲ್ಲೂ ಇದೇ ಪರೀಕ್ಷೆ ಮಾಡಿ.

ಹಾಗಾದರೆ ಮನೆಯವರು ಏನು ನೋಡುತ್ತಾರೆ ಅಂತ ತಿಳಿಯುವುದು ಹೇಗೆ? ಕೇಳಿದರೆ ಅಮ್ಮ "ಎಲ್ಲಾ ನೋಡ್ತೀವಿ, ಏನೂ ತೆಗಿಬೇಡ" ಅಂತಾರೆ, ಯಾಕಂದ್ರೆ ತೆಗೆದರೆ ಎಲ್ಲಿ ತಮ್ಮ ಧಾರಾವಾಹಿ ಹೋಗಿಬಿಡುತ್ತದೋ ಅನ್ನುವ ಹೆದರಿಕೆ. ಒಂದು ವಾರ ರಿಮೋಟ್ ಪಕ್ಕ ಒಂದು ಚೀಟಿ ಇಡಿ. ಯಾರು ಯಾವ ಚಾನೆಲ್ ಹಾಕಿದರೂ ಅದರ ಹೆಸರು ಒಂದು ಸಲ ಬರೆದರೆ ಸಾಕು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಆ ಚೀಟಿ ಹತ್ತು ಹೆಸರಿಗೆ ನಿಂತುಬಿಡುತ್ತದೆ, ಅದರಲ್ಲೂ ಅರ್ಧ ಉಚಿತ ಚಾನೆಲ್. ಆ ಚೀಟಿಯ ಫೋಟೋ ಬೆಂಗಳೂರಿನ ಮಗನಿಗೆ ಹೋಗಲಿ. ಅವನು ಅದನ್ನು ಮುಂದಿಟ್ಟುಕೊಂಡೇ ಆ್ಯಪ್ ತೆರೆಯಲಿ.

ತೆರೆದಾಗ ಕೆಲವು ಜಾಗಗಳನ್ನು ಕಣ್ಣಿಟ್ಟು ನೋಡಬೇಕು. ಒಂದೇ ಚಾನೆಲ್ ಎರಡು ಸಲ ಇರುವುದು ಬಹಳ ಸಾಮಾನ್ಯ, ಮಾಮೂಲಿ ರೂಪದಲ್ಲಿ ಒಂದು, ಎಚ್‌ಡಿಯಲ್ಲಿ ಒಂದು. ಒಂದೇ ಪ್ಯಾಕ್‌ನಲ್ಲಿ ಎರಡನ್ನೂ ಹಾಕುವಂತಿಲ್ಲ ಅಂತ ನಿಯಮವೇ ಇದೆ. ಆದರೆ ಮೊದಲೊಂದು ಪ್ಯಾಕ್ ಇದ್ದು, ಆಮೇಲೆ ಇನ್ನೊಂದನ್ನು ಸೇರಿಸಿಕೊಂಡಾಗ ಎರಡೂ ಬಂದು ಕೂರುತ್ತವೆ. ಹಳೆಯ ಟಿವಿ ಇದ್ದು ಬಾಕ್ಸ್ ಮೂರು ಬಣ್ಣದ ವೈರಿನಲ್ಲಿ ಜೋಡಿಸಿದ್ದರೆ ಎಚ್‌ಡಿಗೆ ಕೊಡುವ ದುಡ್ಡು ದಂಡ, ಆ ವೈರಿನಲ್ಲಿ ಎಚ್‌ಡಿ ಚಿತ್ರ ಬರುವುದೇ ಇಲ್ಲ. ಇನ್ನೊಂದು, ಭಜನೆ, ಅಡುಗೆ, ಮಕ್ಕಳ ಆಟ ಅಂತ ಕಂಪನಿಗಳದ್ದೇ ಹೆಚ್ಚುವರಿ ಸೇವೆಗಳಿರುತ್ತವೆ, ಮೊದಲ ಕೆಲವು ದಿನ ಉಚಿತ, ಆಮೇಲೆ ದಿನಕ್ಕಿಷ್ಟು ಅಂತ ಕಡಿತ. ರಿಮೋಟ್‌ನಲ್ಲಿ ಗೊತ್ತಿಲ್ಲದೆ ಒತ್ತಿ ಶುರುವಾಗಿರುವುದೂ ಉಂಟು. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳಿಗೆ ಹಾಕಿಸಿದ ಕಾರ್ಟೂನ್ ಚಾನೆಲ್ ದೀಪಾವಳಿವರೆಗೂ ಹಾಗೇ ಉಳಿದಿರುತ್ತದೆ. ಐಪಿಎಲ್‌ಗೆ ಅಂತ ಹಾಕಿಸಿದ ಸ್ಪೋರ್ಟ್ಸ್ ಚಾನೆಲ್ ಕೂಡ ಅಷ್ಟೇ. ಕ್ರಿಕೆಟ್ ಮುಗಿದ ದಿನವೇ ತೆಗೆಸಿ, ಮತ್ತೆ ಬೇಕಾದಾಗ ಹಾಕಿಸಬಹುದು.

ಕ್ರಿಕೆಟ್ ಅಂದ ಮೇಲೆ ಒಂದು ವಿಷಯ. "ಡಿಡಿ ಸ್ಪೋರ್ಟ್ಸ್‌ನಲ್ಲಿ ಮ್ಯಾಚ್ ಉಚಿತ ಅಂತಾರೆ, ನಮ್ಮನೇಲಿ ಯಾಕೆ ಬರಲ್ಲ?" ಅಂತ ಪ್ರತಿ ಸೀಸನ್‌ನಲ್ಲೂ ಕೇಳುತ್ತಾರೆ. ಮುಖ್ಯ ಪಂದ್ಯಗಳ ಪ್ರಸಾರವನ್ನು ಖಾಸಗಿ ಚಾನೆಲ್‌ಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಬೇಕು ಅಂತ 2007ರ ಕಾನೂನು ಹೇಳುತ್ತದೆ. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕೆ ಮತ್ತು ಅದರದ್ದೇ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಡಿಟಿಎಚ್‌ಗೆ, ಕೇಬಲ್‌ಗೆ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಾಗಾಗಿ ನಿಮ್ಮ ಬಾಕ್ಸ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಇದ್ದರೂ ಆ ಹೊತ್ತಿಗೆ ಬೇರೇನೋ ಬರುತ್ತಿರುತ್ತದೆ. ಬಾಕ್ಸ್ ಕೆಟ್ಟಿಲ್ಲ, ಅದಕ್ಕೆ ಯಾರನ್ನೂ ಕರೆಸಬೇಡಿ.

ಎರಡು ಟಿವಿ ಇರುವ ಮನೆಯವರು ಎರಡನೆಯದನ್ನು ಬೇರೆ ಹೆಸರಲ್ಲಿ ಹೊಸ ಕನೆಕ್ಷನ್ ಮಾಡಿಸಿಕೊಂಡಿದ್ದರೆ ಎರಡು ಪೂರ್ತಿ ಎನ್‌ಸಿಎಫ್ ಕಟ್ಟುತ್ತಿರುತ್ತಾರೆ. ಒಂದೇ ಹೆಸರಲ್ಲಿ ಸೇರಿಸಿದರೆ ಎರಡನೆಯ ಟಿವಿಗೆ ಶುಲ್ಕ ಕಡಿಮೆ. 2020ರ ನಿಯಮದಲ್ಲಿ ಅದು ಮೊದಲ ಟಿವಿಯ ಶುಲ್ಕದ ಶೇಕಡಾ 40 ಮೀರುವಂತಿರಲಿಲ್ಲ. ಈಗ ಕಂಪನಿಯನ್ನು ಕೇಳಬೇಕು. ಎರಡೂ ಟಿವಿಗೆ ಒಂದೇ ಪ್ಯಾಕ್ ಬೇಕಾಗಿಲ್ಲ ಅನ್ನುವುದೂ ನೆನಪಿರಲಿ. ಮಲಗುವ ಕೋಣೆಯ ಟಿವಿಗೆ ಬರೀ ಉಚಿತ ಚಾನೆಲ್ ಸಾಕು ಅನ್ನಿಸಿದರೆ ಹಾಗೇ ಮಾಡಿಸಿ.

ವರ್ಷದ ರೀಚಾರ್ಜ್ ಒಟ್ಟಿಗೆ ಹಾಕಿದರೆ ಕಂಪನಿಗಳು ಸಾಮಾನ್ಯವಾಗಿ ರಿಯಾಯಿತಿ ಅಥವಾ ಹೆಚ್ಚುವರಿ ದಿನ ಕೊಡುತ್ತವೆ. ಒಳ್ಳೆಯದೇ, ಆದರೆ ಮೊದಲು ಪ್ಯಾಕ್ ಸರಿ ಮಾಡಿಕೊಳ್ಳಿ, ಆಮೇಲೆ ವರ್ಷದ್ದು ಹಾಕಿ. ನಾನೂರರ ಪ್ಯಾಕ್‌ಗೆ ಒಂದು ತಿಂಗಳು ಉಚಿತ ಸಿಕ್ಕಿತು ಅಂತ ಖುಷಿಪಡುವುದಕ್ಕಿಂತ ತಿಂಗಳಿಗೆ ನೂರೈವತ್ತು ಇಳಿಸಿಕೊಳ್ಳುವುದು ದೊಡ್ಡ ಉಳಿತಾಯ. ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿಗೋ ಪುಣೆಗೋ ತಿಂಗಳುಗಟ್ಟಲೆ ಹೋಗುವವರು ಹೊರಡುವ ಮೊದಲೇ ಕಂಪನಿಗೆ ಹೇಳಿ ಸೇವೆ ತಾತ್ಕಾಲಿಕವಾಗಿ ನಿಲ್ಲಿಸಬಹುದು. ಮತ್ತೆ ಶುರು ಮಾಡಲು ಎಷ್ಟಾಗುತ್ತದೆ ಅಂತಲೂ ಆಗಲೇ ಕೇಳಿಟ್ಟುಕೊಳ್ಳಿ.

ರಿಪೇರಿ ಖರ್ಚೂ ಬಿಲ್ಲಿನ ಭಾಗವೇ. ನಮ್ಮ ಮಳೆಗೆ ಸಿಗ್ನಲ್ ಹೋಗುವುದು ಸಹಜ, ದಟ್ಟ ಮೋಡ ಮತ್ತು ಜೋರು ಮಳೆ ಈ ತರಂಗಗಳನ್ನು ತಡೆಯುತ್ತವೆ, ಮಳೆ ಬಿಟ್ಟರೆ ತಾನಾಗೇ ಬರುತ್ತದೆ. ಮಳೆ ನಿಂತ ಮೇಲೂ ಬಾರದಿದ್ದರೆ ಮಾತ್ರ ಹುಡುಕಬೇಕು. ನಾನು ಮೊದಲು ನೋಡುವುದು ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ವೈರ್ ಸಿಕ್ಕಿಸಿದ ಜಾಗ. ಅಲ್ಲಿ ನೀರು ಇಳಿದು ತಾಮ್ರದ ಕಡ್ಡಿ ಹಸಿರು ಹಿಡಿದಿರುತ್ತದೆ. ತುದಿ ಒಂದಿಷ್ಟು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಮೇಲೆ ಟೇಪ್ ಸುತ್ತಿದರೆ ಮುಗಿಯಿತು. ಮೇ ತಿಂಗಳಲ್ಲೇ ಇದನ್ನು ಮಾಡಿಸಿಟ್ಟರೆ ಮಳೆಗಾಲದಲ್ಲಿ ಯಾರನ್ನೂ ಕರೆಸಬೇಕಾಗಿಲ್ಲ. ಎರಡನೆಯದು ಮರ. ಕರ್ನಾಟಕದಲ್ಲಿ ಡಿಶ್‌ಗಳು ಹೆಚ್ಚುಕಡಿಮೆ ಆಗ್ನೇಯದ ಕಡೆ ಮುಖ ಮಾಡಿರುತ್ತವೆ. ಹಾಕುವಾಗ ಚಿಕ್ಕದಿದ್ದ ಸಿಲ್ವರ್ ಗಿಡ ಕೆಲವೇ ವರ್ಷಕ್ಕೆ ಆ ದಾರಿಗೆ ಅಡ್ಡ ಬರುತ್ತದೆ, ಒಂದು ಕೊಂಬೆ ಸವರಿದರೆ ಸಾಕು. ಮೂರನೆಯದು ಗುಡುಗು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಲು ಶುರುವಾಗುವ ಮೊದಲೇ ಬಾಕ್ಸ್‌ನ ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ವೈರನ್ನೂ ಬಿಚ್ಚಿಡಿ. ಗುಡುಗು ಶುರುವಾಗಿಬಿಟ್ಟಿದ್ದರೆ ವೈರ್ ಮುಟ್ಟುವುದು ಬೇಡ. ಪ್ಲಗ್ ಮಾತ್ರ ಕಿತ್ತು ವೈರ್ ಬಿಟ್ಟ ಮನೆಗಳಲ್ಲೂ ಬಾಕ್ಸ್ ಸುಟ್ಟದ್ದನ್ನು ನೋಡಿದ್ದೇನೆ.

ತಿಂಗಳ ಬಾಡಿಗೆಯೇ ಬೇಡ ಅನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಲ್ಲಿ ಶುರುವಾದದ್ದು. ಬಾಕ್ಸ್‌ಗೆ ಒಂದು ಸಲ ದುಡ್ಡು, ಆಮೇಲೆ ಏನೂ ಇಲ್ಲ. ಡಿಶ್ ಹೊಸದು ಬೇಕಾಗಿಲ್ಲ, ಹಳೆಯ ಕಂಪನಿಯ ಡಿಶ್ ನಿಮ್ಮದೇ ಆಗಿದ್ದರೆ ಅದನ್ನೇ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಿಸಿದರೆ ಆಯಿತು. ಆದರೆ ನೇರವಾಗಿ ಹೇಳುತ್ತೇನೆ, ಅದರಲ್ಲಿ ಹಿಂದಿ ಸಿನಿಮಾ, ಹಿಂದಿ ಸುದ್ದಿ ಜಾಸ್ತಿ. ಕನ್ನಡ ಧಾರಾವಾಹಿಗೇ ಟಿವಿ ಹಚ್ಚುವ ಮನೆಗೆ ಅದು ಸಾಲದು. ತೋಟದ ಮನೆಗೆ, ಕೆಲಸದವರ ಬಿಡಾರಕ್ಕೆ, ಬರೀ ಚಂದನ ಮತ್ತು ಕ್ರಿಕೆಟ್ ಸಾಕು ಅನ್ನುವವರಿಗೆ ಚೆನ್ನಾಗಿದೆ.

ಡಿಶ್ ತೆಗೆದು ಎಲ್ಲಾ ಮೊಬೈಲ್ ಆ್ಯಪ್‌ನಲ್ಲೇ ನೋಡಿ ಅಂತ ಮಕ್ಕಳು ಹೇಳುತ್ತಾರೆ. ಜೀ ಕನ್ನಡಕ್ಕೆ ಜೀ5, ಕಲರ್ಸ್ ಮತ್ತು ಸುವರ್ಣಕ್ಕೆ ಜಿಯೋ ಹಾಟ್‌ಸ್ಟಾರ್, ಉದಯಕ್ಕೆ ಸನ್ ನೆಕ್ಸ್ಟ್. ಮೂರು ಕಡೆ ಚಂದಾ, ಮೇಲೆ ಇಂಟರ್ನೆಟ್. ಫೈಬರ್ ಹೇಗೂ ಇರುವ ಮನೆಗೆ ಯೋಚಿಸಬಹುದು. ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕಾದ ಊರಲ್ಲಿ ಅಪ್ಪ ಅಮ್ಮನಿಗೆ ಈ ಕಷ್ಟ ಬೇಡ.

ಪ್ಯಾಕ್ ಬದಲಿಸುವಾಗ ಹೊಸದನ್ನು ಸೇರಿಸಿದರಷ್ಟೇ ಸಾಲದು, ಹಳೆಯದನ್ನು ಬೇರೆಯಾಗಿ ತೆಗೆಯಬೇಕು, ಇಲ್ಲದಿದ್ದರೆ ಎರಡಕ್ಕೂ ದುಡ್ಡು ಹೋಗುತ್ತದೆ. ಬದಲಿಸುವ ಹೊತ್ತಿಗೆ ಬಾಕ್ಸ್ ಆನ್ ಇರಲಿ, ಆದೇಶ ಉಪಗ್ರಹದ ಮೂಲಕವೇ ಬಾಕ್ಸ್‌ಗೆ ಬರಬೇಕು. ಕಸ್ಟಮರ್ ಕೇರ್ ನಂಬರನ್ನು ಕಂಪನಿಯ ಆ್ಯಪ್‌ನಿಂದಲೇ ತಗೊಳ್ಳಿ, ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ನಂಬರ್ ಬೇಡ. ಪ್ಯಾಕ್ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳಿ ಅಂತ ಫೋನ್ ಬಂದರೆ ಇಟ್ಟುಬಿಡಿ, ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತೆಗೆದ ಪ್ಯಾಕ್‌ಗೆ ದುಡ್ಡು ಕಡಿತ ಮುಂದುವರಿದರೆ ಕಂಪನಿಯಲ್ಲಿ ದೂರು ಬರೆಸಿ ದೂರಿನ ನಂಬರ್ ಇಟ್ಟುಕೊಳ್ಳಿ, ಆಮೇಲೆ ದೂರುಗಳನ್ನು ನೋಡಿಕೊಳ್ಳುವ ಅವರ ನೋಡಲ್ ಅಧಿಕಾರಿಗೆ ಬರೆಯಿರಿ. ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಅಲ್ಲಿಗೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೇ ಮಾತಾಡಬಹುದು.