ಹಳೇ ಚೈನ್‌ಸಾ ಪೆಟ್ರೋಲ್ ಎಲ್ಲಿ ಸುರೀತದೆ?

ಕಾರಟಗಿ ಕಡೆಯ ರೈತರೊಬ್ಬರು ಹೋದ ಬೇಸಿಗೆಯಲ್ಲಿ ಹದಿನೈದು ವರ್ಷದ ಹಳೇ ಚೈನ್‌ಸಾ (ಪೆಟ್ರೋಲಿನ ಮರ ಕೊಯ್ಯುವ ಮಷಿನ್) ತಂದು ನನ್ನ ಮೇಜಿನ ಮೇಲಿಟ್ಟರು. "ಮಿಸ್ತ್ರಿ, ಕುಡುಕನಂಗ ಪೆಟ್ರೋಲ್ ಕುಡೀತೈತ್ರಿ. ಕಾರ್ಬೊರೇಟರ್ ಒಂಚೂರು ಟೈಟ್ ಮಾಡಿಬಿಡ್ರಿ" ಅಂದರು.

ನಾನು ಸ್ಕ್ರೂಡ್ರೈವರ್ ಎತ್ತಲಿಲ್ಲ. ಅಂಗಡಿ ಹಿಂದೆ ಬಿದ್ದಿದ್ದ ಬಳ್ಳಾರಿ ಜಾಲಿ ತುಂಡಿನ ಮೇಲೆ ಮಷಿನ್ ಓಡಿಸಿದೆ. ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ. ಜೋಳದ ಹಿಟ್ಟಿನ ಹಾಗೆ ನುಣ್ಣಗಿತ್ತು. ಚೈನ್ ಚೂಪಾಗಿದ್ದರೆ ಅವಲಕ್ಕಿಯಂಥ ಚೂರು ಉದುರಬೇಕಿತ್ತು.

50–60 ಸಿಸಿಯ ಹಳೇ ಮಷಿನ್ ಫುಲ್ ರೇಸ್‌ನಲ್ಲಿ ಗಂಟೆಗೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಕುಡಿಯುತ್ತದೆ. ಚೈನ್ ಮೊಂಡಾದರೂ ಗಂಟೆಯ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಆದರೆ ಅಷ್ಟೇ ಪೆಟ್ರೋಲಿಗೆ ಬೀಳುವ ಕಟ್ಟಿಗೆ ತುಂಬಾ ಇಳಿದಿರುತ್ತದೆ. ಅದಕ್ಕೇ ನಾನು ಗಂಟೆ ಕೇಳುವುದಿಲ್ಲ. ಒಂದೇ ದಪ್ಪದ ತುಂಡಿಗೆ ಒಂದು ಟ್ಯಾಂಕಿನಲ್ಲಿ ಎಷ್ಟು ಕೊಯ್ತ ಬಂತು, ಎಣಿಸಿ ಅಂತೀನಿ.

ನಮ್ಮ ಕಡೆ ಬೀಳೋದು ಹೆಚ್ಚಾಗಿ ಜಾಲಿಯೇ ಅಲ್ವಾ? ಕಟ್ಟಿಗೆ ಗಟ್ಟಿ, ಅದರಲ್ಲೂ ಒಣಗಿದ್ದು. ಬುಡದಲ್ಲೇ ಕವಲೊಡೆದು ನೆಲಕ್ಕೆ ಹರಡಿಕೊಂಡಿರುತ್ತದೆ. ತೊಗಟೆಯ ಸಂದಿಯಲ್ಲೆಲ್ಲ ಮಣ್ಣು. ಓಡುವ ಚೈನ್ ಒಂದು ಸಲ ನೆಲ ಮುಟ್ಟಿದರೆ ಮುಗೀತು. ಬೊಡ್ಡೆಯನ್ನು ಮೊದಲು ಪೊರಕೆಯಿಂದ ಗುಡಿಸಿ. ಕೆಳಗೆ ಒಂದು ತುಂಡು ಅಡ್ಡ ಕೊಟ್ಟು ಕೊಯ್ಯಿರಿ. ಟ್ಯಾಂಕ್ ತುಂಬಿಸುವಾಗೆಲ್ಲ ಪ್ರತಿ ಹಲ್ಲಿಗೆ ದುಂಡನೆ ಅರದಿಂದ ಎರಡು ಮೂರು ಸಲ ತೀಡಿ. ಅರದ ಅಳತೆ ಚೈನ್ ನೋಡಿ ತಗೋಬೇಕು. 4, 4.8, 5.2 ಮಿಲಿಮೀಟರ್ ಹೀಗೆ ಬೇರೆ ಬೇರೆ ಬರುತ್ತವೆ.

ಎಲ್ಲರೂ ಮರೆಯೋದು ಹಲ್ಲಿನ ಮುಂದಿರುವ ಪುಟ್ಟ ಗೂಟವನ್ನು. ತೀಡುತ್ತಾ ಹೋದಂತೆ ಹಲ್ಲು ತಗ್ಗುತ್ತದೆ, ಗೂಟ ಹಾಗೇ ನಿಲ್ಲುತ್ತದೆ. ಆಮೇಲೆ ಹಲ್ಲು ಎಷ್ಟೇ ಚೂಪಿದ್ದರೂ ಕಚ್ಚುವುದಿಲ್ಲ. ಗೂಟ ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಈ ರೈತರ ಚೈನಿನಲ್ಲಿ ಎರಡೂ ಸಮ ಆಗಿದ್ದವು!

ಇನ್ನು ಏರ್ ಫಿಲ್ಟರ್. ಹಳೇ ಕಾರ್ಬೊರೇಟರಿಗೆ ಗಾಳಿ ಕಟ್ಟಿದರೆ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ, ಹೊಗೆ ಬಿಡುತ್ತದೆ. ದಿನಾ ಕೊಡವಿ ತೊಳೆದರೆ ಸಾಕು.

ಇಷ್ಟು ಮಾಡಿದರೂ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಇದು ಟೂ ಸ್ಟ್ರೋಕ್ ಇಂಜಿನ್. ಇದರಲ್ಲಿ ಪೆಟ್ರೋಲ್-ಗಾಳಿಯ ಹೊಸ ಮಿಶ್ರಣ ಒಳಗೆ ಬರುವಾಗ ಸೈಲೆನ್ಸರ್ ಕಡೆ ಬಾಗಿಲು ತೆರೆದೇ ಇರುತ್ತದೆ. ಹಳೇ ಇಂಜಿನ್‌ಗಳಲ್ಲಿ ಸುಮಾರು ಕಾಲು ಭಾಗ ಪೆಟ್ರೋಲ್ ಉರಿಯದೇ ಹೊರಗೆ ಹೋಗುತ್ತದೆ. ಇತ್ತೀಚಿನ ಕೆಲವು ಮಷಿನ್‌ಗಳಲ್ಲಿ ಮೊದಲು ಬರೀ ಗಾಳಿ ನುಗ್ಗಿಸಿ ಇದನ್ನು ತಗ್ಗಿಸಿದ್ದಾರೆ. ಹಳೆಯದಕ್ಕೆ ಯಾವ ಮಿಸ್ತ್ರಿಯೂ ಇದನ್ನು ಮಾಡಿಕೊಡಲಾರ.

ಇದರ ಮೇಲೆ ಈಗಿನ ಇ20 ಪೆಟ್ರೋಲ್ ಬೇರೆ, ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ್ದು. ಲೀಟರಿಗೆ ಲೀಟರ್ ಅಳೆದರೆ ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಳೇ ರಬ್ಬರ್ ಪೈಪು, ಕಾರ್ಬೊರೇಟರ್ ಒಳಗಿನ ತೆಳು ಪೊರೆಗೂ (ಡಯಾಫ್ರಾಮ್) ಅದು ಆಗಿಬರಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿಡಿ.

ಪೆಟ್ರೋಲ್ ತಗ್ಗಿಸೋಕೆ ಅಂತ ಕಾರ್ಬೊರೇಟರಿನ ಸ್ಕ್ರೂ ಮಾತ್ರ ಸುಮ್ನೆ ಬಿಗಿ ಮಾಡಬೇಡಿ. ಪಿಸ್ಟನ್‌ಗೆ ಆಯಿಲ್ ಬರೋದು ಪೆಟ್ರೋಲ್ ಜೊತೆಗೇ. 25ಕ್ಕೆ 1 ಅಂದರೆ ಲೀಟರಿಗೆ 40 ಮಿಲಿ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕಡಿಮೆ, ತಂಪೂ ಕಡಿಮೆ. ಕೆಲಸ ಕಲಿತ ಹೊಸತರಲ್ಲಿ ಪಕ್ಕದ ಮನೆಯವರ ಮಷಿನ್‌ಗೆ ಕಾಲು ತಿರುವು ಬಿಗಿ ಮಾಡಿದ್ದೆ. ಸೌಂಡ್ ಭಾರಿ ಚೆನ್ನಾಗಿ ಬಂತು. ಮೂರನೇ ದಿನ ಪಿಸ್ಟನ್ ಗೀರುಬಿದ್ದು ಜಾಮ್. ಹೊಸದನ್ನು ನನ್ನ ದುಡ್ಡಿನಲ್ಲೇ ಹಾಕಿಕೊಟ್ಟೆ.

ಆ ರೈತರ ಚೈನ್ ತೀಡಿ, ಗೂಟ ತಗ್ಗಿಸಿ, ಫಿಲ್ಟರ್ ತೊಳೆದು ಕಳಿಸಿದೆ. ವಾರ ಬಿಟ್ಟು ಬಂದರು. "ಮೂರು ಟ್ಯಾಂಕ್ ಹಿಡೀತಿದ್ದ ಕೆಲಸ ಎರಡರಾಗ ಮುಗೀತ್ರಿ. ಆದ್ರ ಅರಕ್ಕ ಮತ್ತ ರೊಕ್ಕ ಬಿಚ್ಚಬೇಕಲ್ರಿ?" ಅಂತ ಗೊಣಗುತ್ತಲೇ ಎರಡು ಅರ ಕಟ್ಟಿಸಿಕೊಂಡು ಹೋದರು.