ಕ್ಲೋನ್ ಸರಿಯಾಗಿದೆ, ಡಿಸ್ಕ್ ಮಾತ್ರ ಖಾಲಿ ಕಾಣುತ್ತಿದೆ

ಹಾರ್ಡ್ ಡಿಸ್ಕ್ ಕ್ಲೋನ್ ಮಾಡಿ, ಅಂದರೆ ಅದರಲ್ಲಿದ್ದದ್ದನ್ನು ಇದ್ದ ಹಾಗೇ ಹೊಸ ಡಿಸ್ಕ್‌ಗೆ ನಕಲು ಮಾಡಿ ಮುಗಿಯಿತು. ಒಂದು ಎರರ್ ಕೂಡ ಬರಲಿಲ್ಲ. ಆದರೆ ಹೊಸ ಡಿಸ್ಕ್ ಜೋಡಿಸಿದರೆ ಫೈಲ್‌ಗಳೇ ಕಾಣುವುದಿಲ್ಲ. 'ಫಾರ್ಮ್ಯಾಟ್ ಮಾಡಬೇಕಾ?' ಎಂದು ವಿಂಡೋಸ್ ಕೇಳುತ್ತದೆ. ದಯವಿಟ್ಟು ಬೇಡ ಅನ್ನಿ. ನಿಮ್ಮ ಡೇಟಾ ಬಹುಶಃ ಒಂದು ಬೈಟೂ ಬಿಡದೆ ಅಲ್ಲೇ ಇದೆ.

ಡಿಸ್ಕ್ ತನ್ನ ಜಾಗವನ್ನು ಸೆಕ್ಟರ್‌ಗಳಲ್ಲಿ ಎಣಿಸುತ್ತದೆ. ದಶಕಗಳ ಕಾಲ ಒಂದು ಸೆಕ್ಟರ್ ಎಂದರೆ 512 ಬೈಟ್. 2010ರ ಆಸುಪಾಸಿನಲ್ಲಿ ತಯಾರಕರು 4096 ಬೈಟ್‌ಗೆ ಬದಲಾದರು. ಪ್ರತಿ ಸೆಕ್ಟರ್‌ಗೂ ತಪ್ಪು ತಿದ್ದುವ ಕೋಡ್‌ಗೆ ಒಂದಿಷ್ಟು ಜಾಗ ಬೇಕು. ಸೆಕ್ಟರ್ ದೊಡ್ಡದಾದರೆ ಆ ಖರ್ಚು ಕಡಿಮೆ, ತಿದ್ದುವ ಶಕ್ತಿಯೂ ಜಾಸ್ತಿ.

ತೊಂದರೆ ಶುರುವಾಗುವುದು ಎಣಿಕೆಯಲ್ಲಿ. ಪಾರ್ಟಿಷನ್ (ಡಿಸ್ಕ್‌ನ ಒಂದೊಂದು ವಿಭಾಗ) ಎಲ್ಲಿ ಶುರು ಎಂಬುದನ್ನು ಪಾರ್ಟಿಷನ್ ಟೇಬಲ್ ಬೈಟ್‌ಗಳಲ್ಲಿ ಬರೆದಿಡುವುದಿಲ್ಲ, ಸೆಕ್ಟರ್ ಸಂಖ್ಯೆಯಲ್ಲಿ ಬರೆದಿಡುತ್ತದೆ. ಗೇಣಿನಲ್ಲಿ ಅಳೆದು ಬರೆದ ಚೀಟಿಯನ್ನು ಮಾರಿನಲ್ಲಿ ಅಳೆಯುವವರ ಕೈಗೆ ಕೊಟ್ಟ ಹಾಗೆ. ಎಂಟು ಗೇಣು ಸೇರಿದರೆ ಒಂದು ಮಾರು, ಇಲ್ಲೂ ವ್ಯತ್ಯಾಸ ಸರಿಯಾಗಿ ಎಂಟು ಪಟ್ಟು. 2048ನೇ ಸೆಕ್ಟರ್ ಹಳೆಯ ಡಿಸ್ಕ್‌ನಲ್ಲಿ 1 ಎಂಬಿ ದೂರದಲ್ಲಿದ್ದರೆ ಹೊಸದರಲ್ಲಿ 8 ಎಂಬಿ ದೂರಕ್ಕೆ ಹೋಗುತ್ತದೆ. ಅಲ್ಲಿ ಹುಡುಕಿದರೆ ಫೈಲ್ ಸಿಸ್ಟಮ್‌ನ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯ ತಲೆ ಸಿಗುವುದಿಲ್ಲ.

ಜಿಪಿಟಿ (ಹೊಸ ಬಗೆಯ ಪಾರ್ಟಿಷನ್ ಟೇಬಲ್) ಇರುವ ಡಿಸ್ಕ್ ಆದರೆ ಇನ್ನೂ ಮೊದಲೇ ಎಡವುತ್ತದೆ. ಜಿಪಿಟಿಯ ಹೆಡರ್ ಇರುವುದು ಸೆಕ್ಟರ್ 1ರಲ್ಲಿ. ಹಳೆಯ ಡಿಸ್ಕ್‌ನಲ್ಲಿ ಅದು 512ನೇ ಬೈಟ್. ಹೊಸ ಡಿಸ್ಕ್‌ನಲ್ಲಿ ಕಂಪ್ಯೂಟರ್ ಅದನ್ನು 4096ನೇ ಬೈಟ್‌ನಲ್ಲಿ ಹುಡುಕುತ್ತದೆ. ಅಲ್ಲಿರುವುದು ಸಾಮಾನ್ಯವಾಗಿ ಬರೀ ಸೊನ್ನೆಗಳು. ಡಿಡಿ (ಲಿನಕ್ಸ್‌ನ ಕಾಪಿ ಮಾಡುವ ಕಮಾಂಡ್) ಥರದ ಟೂಲ್‌ನಲ್ಲಿ ಬ್ಲಾಕ್ ಸೈಜ್ ಬದಲಿಸಿ ಮತ್ತೆ ಮತ್ತೆ ಕ್ಲೋನ್ ಮಾಡುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ. ಅದು ಒಂದು ಸಲಕ್ಕೆ ಎಷ್ಟು ಓದಬೇಕು ಎಂಬ ಲೆಕ್ಕ ಅಷ್ಟೇ.

ಹಾಗಂತ 4096 ಬೈಟ್‌ನ ಎಲ್ಲಾ ಡಿಸ್ಕ್‌ಗಳೂ ಹೀಗೆ ಕಾಡುವುದಿಲ್ಲ. ಹೆಚ್ಚಿನವು 512ಇ ಬಗೆಯವು. ಒಳಗೆ 4096 ಇದ್ದರೂ ಕಂಪ್ಯೂಟರ್‌ಗೆ 512 ಎಂದೇ ತೋರಿಸುತ್ತವೆ, ಕ್ಲೋನ್ ಸಲೀಸಾಗಿ ನಡೆಯುತ್ತದೆ. ಅವುಗಳ ತೊಂದರೆ ಬೇರೆ. ವಿಂಡೋಸ್ ಎಕ್ಸ್‌ಪಿ ಕಾಲದ ಪಾರ್ಟಿಷನ್‌ಗಳು 63ನೇ ಸೆಕ್ಟರ್‌ನಿಂದ ಶುರುವಾಗುತ್ತಿದ್ದವು, 63 ಎಂಟರಿಂದ ಭಾಗವಾಗುವುದಿಲ್ಲ. ಹಾಗಾಗಿ ಒಂದೊಂದು ಬರವಣಿಗೆಯೂ ಎರಡು ಸೆಕ್ಟರ್‌ಗಳ ಮೇಲೆ ಬೀಳುತ್ತದೆ, ಡಿಸ್ಕ್ ನಿಧಾನವಾಗುತ್ತದೆ. ಪಾರ್ಟಿಷನ್ನನ್ನು 1 ಎಂಬಿ ಗಡಿಗೆ ಸರಿಸಿದರೆ ಸರಿಹೋಗುತ್ತದೆ. ನಿಜವಾದ ತಲೆನೋವು 4ಕೆಎನ್ ಬಗೆಯದು. ಅದು ಹೊರಗೂ 4096 ಎಂದೇ ಹೇಳುತ್ತದೆ.

ಎಲ್ಲರನ್ನೂ ಜಾಸ್ತಿ ಗೊಂದಲಕ್ಕೆ ತಳ್ಳುವುದು ಯುಎಸ್‌ಬಿ ಕೇಸ್, ಅಂದರೆ ಡಿಸ್ಕನ್ನು ಒಳಗಿಟ್ಟು ಯುಎಸ್‌ಬಿಗೆ ಜೋಡಿಸುವ ಪೆಟ್ಟಿಗೆ ಅನಿಸುತ್ತದೆ. ಡಿಸ್ಕ್ 512 ಎಂದರೂ ಕೆಲವು ಕೇಸ್‌ಗಳು ಮಧ್ಯೆ ನಿಂತು 4096 ಎಂದು ತೋರಿಸುತ್ತವೆ. ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಷನ್ ಟೇಬಲ್ ಸುಮಾರು 2 ಟಿಬಿಗಿಂತ ಮುಂದೆ ಎಣಿಸಲಾರದು, ಸೆಕ್ಟರ್ ದೊಡ್ಡದು ಮಾಡಿದರೆ ಅದೇ ಟೇಬಲ್ 16 ಟಿಬಿವರೆಗೆ ಹೋಗುತ್ತದೆ. ಹಳೆಯ ವಿಂಡೋಸ್‌ಗಾಗಿ ಹುಡುಕಿದ ಉಪಾಯ ಅದು. ಆದರೆ ಆ ಕೇಸ್‌ನ ಅಳತೆಯಲ್ಲೇ ಟೇಬಲ್ ಬರೆದ ಡಿಸ್ಕನ್ನು ಹೊರತೆಗೆದು ನೇರವಾಗಿ ಕಂಪ್ಯೂಟರ್ ಒಳಗಿನ ಸಾಟಾ ಕನೆಕ್ಟರ್‌ಗೆ ಜೋಡಿಸಿದರೆ ಅಳತೆ ಬದಲಾಗುತ್ತದೆ. ಮತ್ತೆ ಅದೇ ಕೇಸ್‌ಗೆ ಹಾಕಿ ನೋಡಿ. ಫೈಲ್‌ಗಳು ಕಂಡರೆ ಕಾರಣ ಸಿಕ್ಕಿತು, ಅಲ್ವಾ?

ಕ್ಲೋನ್‌ಗೆ ಮೊದಲೇ ಎರಡೂ ಡಿಸ್ಕ್‌ಗಳ ಅಳತೆ ನೋಡಿಕೊಳ್ಳುವುದು ಒಳ್ಳೆಯದು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ, ಡಿಸ್ಕ್‌ಗಳ ವಿವರದಲ್ಲಿ, ಪ್ರತಿ ಸೆಕ್ಟರ್‌ಗೆ ಎಷ್ಟು ಬೈಟ್ ಎಂದು ಬರೆದಿರುತ್ತದೆ. ಕೊನೆಗೆ ಡಿಸ್ಕನ್ನು ಹೇಗೆ ಜೋಡಿಸಿ ಬಳಸುತ್ತೀರೋ ಹಾಗೇ ಜೋಡಿಸಿ ನೋಡಬೇಕು.

ಅಳತೆ ಬೇರೆ ಇದ್ದರೆ ಸೆಕ್ಟರ್‌ಗೆ ಸೆಕ್ಟರ್ ಕ್ಲೋನ್ ಮಾಡುವುದನ್ನು ಬಿಡಿ. ಹೊಸ ಡಿಸ್ಕ್‌ನಲ್ಲಿ ಪಾರ್ಟಿಷನ್ ಹೊಸದಾಗಿ ಮಾಡಿ, ಫೈಲ್‌ಗಳನ್ನು ಕಾಪಿ ಮಾಡಿ. ಟೇಬಲ್‌ನ ಸಂಖ್ಯೆಗಳನ್ನು ಎಂಟರಿಂದ ಭಾಗಿಸಿ ಬರೆದರೆ ಸಾಲದೇ ಎಂದು ಕೇಳಬಹುದು. ಲಿನಕ್ಸ್‌ನ ಫೈಲ್ ಸಿಸ್ಟಮ್ ಆದ, 4 ಕೆಬಿ ಬ್ಲಾಕ್ ಇರುವ ಎಕ್ಸ್ಟ್4ಗೆ ಅದು ಸಾಕಾಗುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ಗೆ ಸಾಲದು, ಅದರ ಬೂಟ್ ಸೆಕ್ಟರ್‌ನೊಳಗೇ 512 ಎಂದು ಬರೆದಿರುತ್ತದೆ. ವಿಂಡೋಸ್ ಬೂಟ್ ಆಗಬೇಕಾದ ಡಿಸ್ಕ್ 4ಕೆಎನ್ ಆಗಿದ್ದರೆ ಯುಇಎಫ್‌ಐ (ಕಂಪ್ಯೂಟರನ್ನು ಶುರು ಮಾಡುವ ಹೊಸ ಬಗೆಯ ಫರ್ಮ್‌ವೇರ್) ಬೇಕು, ವಿಂಡೋಸ್ 8 ಅಥವಾ ನಂತರದ್ದೂ ಬೇಕು. ಸುಲಭದ ದಾರಿ ಎಂದರೆ 512ಇ ಡಿಸ್ಕ್ ಆರಿಸಿಕೊಳ್ಳುವುದು.

ಮೂಲ ಡಿಸ್ಕ್ ಕೈಯಲ್ಲಿಲ್ಲದಿದ್ದರೂ ದಾರಿಯಿದೆ. ಲಿನಕ್ಸ್‌ನಲ್ಲಿ ಲೂಪ್ ಡಿವೈಸ್ ಎಂಬ ತೋರಿಕೆಯ ಡಿಸ್ಕ್ ಇದೆ, ಅದಕ್ಕೆ ಸೆಕ್ಟರ್ ಸೈಜ್ ನಾವೇ ಹೇಳಬಹುದು. ಕ್ಲೋನ್ ಆದ ಡಿಸ್ಕನ್ನು ಅದರ ಮೂಲಕ 512ರ ಅಳತೆಯಲ್ಲಿ, ಓದಲು ಮಾತ್ರ ತೆರೆದರೆ ಪಾರ್ಟಿಷನ್‌ಗಳು ಕಾಣಿಸುತ್ತವೆ. ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ತೆಗೆದುಕೊಂಡ ಮೇಲೆ ಇದನ್ನು ನಿಶ್ಚಿಂತೆಯಿಂದ ಫಾರ್ಮ್ಯಾಟ್ ಮಾಡಬಹುದು.